ಕೋರ್ಸು ಆರಿಸುವ ಮುನ್ನ ಗ್ರಂಥಾಲಯಕ್ಕೊಮ್ಮೆ ಹೋಗಿ

ಎಸೆಸೆಲ್ಸಿ ಫಲಿತಾಂಶ ಹೊರಬಿದ್ದ ಮರುದಿನವೇ ಮನೆಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಮುಂದೇನು? ಹರಿಹರ ತಾಲ್ಲೂಕಿನ ಭಾನುವಳ್ಳಿಯಿರಲಿ, ದಾವಣಗೆರೆ ನಗರವಿರಲಿ, ಉತ್ತರ ಕಂಡುಕೊಳ್ಳುವ ವಿಧಾನ ಮಾತ್ರ ಹೆಚ್ಚುಕಡಿಮೆ ಒಂದೇ. ಚಿಕ್ಕಪ್ಪನ ಮಗ ಏನು ಓದಿದ, ಪಕ್ಕದ ಮನೆಯ ಹುಡುಗ ಯಾವ ಕಾಲೇಜಿಗೆ ಸೇರಿದ, ಗಲ್ಫ್‌ನಲ್ಲಿರುವ ಮಾವ ಫೋನಿನಲ್ಲಿ ಏನು ಹೇಳಿದರು. ಇಷ್ಟರಲ್ಲೇ ಒಂದು ಮಗುವಿನ ಭವಿಷ್ಯ ನಿರ್ಧಾರವಾಗಿ ಬಿಡುತ್ತದೆ. ಮಗಳಿಗೆ ಸಂಬಂಧ ನೋಡುವಾಗ ಹತ್ತು ಕಡೆ ವಿಚಾರಿಸುವ ಹೆತ್ತವರು ಅದೇ ಮಗಳ ಕೋರ್ಸಿನ ಬಗ್ಗೆ ಒಂದು ಕಡೆಯೂ ವಿಚಾರಿಸುವುದಿಲ್ಲವೆಂದರೆ ಏನನ್ನಬೇಕು?

ಕೇಳಿದ ಮಾತನ್ನು ನಂಬಿ ನಡೆಯುವುದರ ಅಪಾಯವನ್ನು ಹರಿಹರಕ್ಕೆ ಬೇರೆಯವರು ವಿವರಿಸಬೇಕಾಗಿಲ್ಲ. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈ ಊರಿಗೆ ಅನ್ನ ನೀಡಿತ್ತು. ಲೇತ್ ಯಂತ್ರದ ಕೆಲಸ ಕಲಿತರೆ ಬದುಕು ಭದ್ರ ಎಂಬ ಮಾತು ಅಂದು ಸುಳ್ಳೇನೂ ಆಗಿರಲಿಲ್ಲ. ಆದರೆ ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ದಾವಣಗೆರೆಯ ಹತ್ತಿ ಗಿರಣಿಗಳ ಕಥೆಯೂ ಬೇರೆಯಲ್ಲ. ತಂದೆಯ ಕಾಲದ ಸತ್ಯ ಮಗನ ಕಾಲಕ್ಕೂ ಸತ್ಯವಾಗಿರಲೇಬೇಕೆಂದಿಲ್ಲ. ಅದನ್ನು ಪರಿಶೀಲಿಸಿ ನೋಡಬೇಕಾಗುತ್ತದೆ.

ಮುಸ್ಲಿಮ್ ಸಮುದಾಯದ ಮಟ್ಟಿಗಂತೂ ಇದು ಇನ್ನಷ್ಟು ಗಂಭೀರ ವಿಷಯ. ದೇಶದ ಪ್ರತಿಷ್ಠಿತ ಕಾಲೇಜುಗಳ ಪದವಿ ತರಗತಿಗಳಲ್ಲಿ 25 ಮಂದಿಗೆ ಒಬ್ಬ, ಸ್ನಾತಕೋತ್ತರ ತರಗತಿಗಳಲ್ಲಿ 50 ಮಂದಿಗೆ ಒಬ್ಬ ಮಾತ್ರ ಮುಸ್ಲಿಮ್ ವಿದ್ಯಾರ್ಥಿ ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತ್ತು. ಕೇಂದ್ರ ಸರಕಾರದ್ದೇ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2020-21ರಲ್ಲಿ ಮುಸ್ಲಿಮ್ ವಿದ್ಯಾರ್ಥಿಗಳ ದಾಖಲಾತಿ ಹಿಂದಿನ ವರ್ಷಕ್ಕಿಂತ ಶೇ. 8ರಷ್ಟು ಕುಸಿಯಿತು. ಮರುವರ್ಷ ಅದು ಚೇತರಿಸಿಕೊಂಡಿತಾದರೂ 2022ರಲ್ಲಿ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ ನಿಲ್ಲಿಸಿತು. ಸರಕಾರವನ್ನು ಪ್ರಶ್ನಿಸಲೇಬೇಕು. ಆದರೆ ಬಡತನದಿಂದ ನಿಂತುಹೋದ ಓದು ಎಷ್ಟು, ಮಾಹಿತಿಯಿಲ್ಲದೆ ನಿಂತುಹೋದ ಓದು ಎಷ್ಟು ಎಂಬುದನ್ನು ನಾವೂ ಕೇಳಿಕೊಳ್ಳಬೇಡವೇ?

ಪಿಯುಸಿಯಲ್ಲಿ ಜೀವಶಾಸ್ತ್ರ ಕೈಬಿಟ್ಟ ಹುಡುಗಿ ಎರಡು ವರ್ಷಗಳ ಬಳಿಕ ಬಿ.ಎಸ್ಸಿ. ನರ್ಸಿಂಗ್ ಸೇರಬೇಕೆಂದರೆ ಅರ್ಹತೆಯೇ ಇರುವುದಿಲ್ಲ. ಎಸೆಸೆಲ್ಸಿಯ ನಂತರ ಮೂರು ವರ್ಷ ಡಿಪ್ಲೊಮಾ ಮುಗಿಸಿದವನು ಡಿಸಿಇಟಿ ಬರೆದು ನೇರವಾಗಿ ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ಸಿ.ಎ. ಓದಲು ದೊಡ್ಡ ಕಾಲೇಜಿನ ಡೊನೇಶನ್ ಬೇಕಾಗಿಲ್ಲ. ಹತ್ತನೇ ತರಗತಿ ಮುಗಿದೊಡನೆ ಫೌಂಡೇಶನ್‌ಗೆ ತಾತ್ಕಾಲಿಕವಾಗಿ ನೋಂದಾಯಿಸಿಕೊಳ್ಳಲು ಅವಕಾಶವಿದೆ. ಇವು ಯಾವುವೂ ರಹಸ್ಯವಲ್ಲ. ಎಲ್ಲವೂ ಮುದ್ರಿತವಾಗಿಯೇ ಇವೆ, ಓದುವವರು ಬೇಕಷ್ಟೇ.

ಗ್ರಂಥಾಲಯವೆಂದರೆ ನಿವೃತ್ತರು ಪತ್ರಿಕೆ ಓದುವ ಜಾಗ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಾಸ್ತವದಲ್ಲಿ 1965ರ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ. 6ರ ಗ್ರಂಥಾಲಯ ಕರವಿದೆ. ಅಂದರೆ ಒಳಗಿನ ಪುಸ್ತಕಗಳಿಗೆ ನಾವು ಆಗಲೇ ಹಣ ಕೊಟ್ಟಾಗಿದೆ! ಗ್ರಾಮ ಪಂಚಾಯತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. (ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶಿಕ್ಷಣ ಸಾಲ ಯೋಜನೆಯ ಹೆಸರೂ 'ಅರಿವು'. ಎರಡನ್ನೂ ಒಂದೇ ಎಂದು ತಿಳಿಯಬಾರದು; ಎರಡನ್ನೂ ಬಳಸಿಕೊಳ್ಳಬೇಕು.) 2020ರಲ್ಲಿ ಆರಂಭವಾದ ರಾಜ್ಯದ ಡಿಜಿಟಲ್ ಗ್ರಂಥಾಲಯಕ್ಕೆ ಮೊಬೈಲಿನಲ್ಲೇ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. 1976ರಿಂದ ಹೊರಬರುತ್ತಿರುವ ಕೇಂದ್ರ ಸರಕಾರದ ಉದ್ಯೋಗ ವಾರಪತ್ರಿಕೆ ಉರ್ದುವಿನಲ್ಲೂ ಪ್ರಕಟವಾಗುತ್ತಾ ಬಂದಿದೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಅಲ್ಲಿಗೆ ಹೋದವರು ಏನನ್ನು ಹುಡುಕಬೇಕು? ಮೊದಲು ಕೋರ್ಸಿನ ಪಠ್ಯಕ್ರಮ. ಮೂರು-ನಾಲ್ಕು ವರ್ಷ ಏನನ್ನು ಓದಬೇಕಾಗುತ್ತದೆಂದು ತಿಳಿಯದೆ ಹೆಸರು ಕೇಳಿ ಸೇರುವವರೇ ಅರ್ಧ ದಾರಿಯಲ್ಲಿ ಬಿಟ್ಟುಬರುತ್ತಾರೆ. ಆಮೇಲೆ ನೇಮಕಾತಿ ಪ್ರಕಟಣೆಗಳು: ಯಾವ ಹುದ್ದೆಗೆ ಯಾವ ಪದವಿ ಕೇಳಿದ್ದಾರೆಂದು ಒಂದು ವರ್ಷದ ಸಂಚಿಕೆಗಳನ್ನು ತಿರುವಿದರೆ ಯಾವ ಏಜೆಂಟನೂ ಹೇಳದ ಸತ್ಯ ತಿಳಿಯುತ್ತದೆ. ಕಾಲೇಜಿಗೆ ಮಾನ್ಯತೆ ಇದೆಯೇ, ಕಳೆದ ವರ್ಷ ಯಾವ ರ್‍ಯಾಂಕಿನವರೆಗೆ ಸೀಟು ಸಿಕ್ಕಿತ್ತು ಎಂಬುದನ್ನು ಯುಜಿಸಿ, ನರ್ಸಿಂಗ್ ಕೌನ್ಸಿಲ್ ಮತ್ತು ಪರೀಕ್ಷಾ ಪ್ರಾಧಿಕಾರದ ಪಟ್ಟಿಗಳಲ್ಲೇ ನೋಡಬೇಕು. ಮುಂಗಡ ಹಣ ಕೊಟ್ಟ ಮೇಲಲ್ಲ, ಮೊದಲು.

ಎಲ್ಲ ಗ್ರಂಥಾಲಯಗಳಲ್ಲಿ ಇವೆಲ್ಲ ಸಿಗುತ್ತವೆಂದು ಹೇಳಲಾಗದು. ಎಷ್ಟೋ ಕಡೆ ಹಳೆಯ ಗೈಡುಗಳಷ್ಟೇ ಇವೆ. ಸಂಗ್ರಹಿಸಿದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಗಳಿಗೆ ತಲುಪಿಸದೆ ಬಾಕಿ ಉಳಿಸಿಕೊಳ್ಳುತ್ತವೆಂಬ ದೂರೂ ಹಳೆಯದೇ. ನಮ್ಮ ಪಂಚಾಯತಿ, ನಗರಸಭೆ ಸದಸ್ಯರು ಚರಂಡಿ, ಬೀದಿದೀಪಗಳ ಜೊತೆಗೆ ಇದನ್ನೂ ಸಭೆಯಲ್ಲಿ ಎತ್ತಬೇಕು. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಆಸನವನ್ನೋ ನಿಗದಿತ ಸಮಯವನ್ನೋ ಕೇಳಿದರೆ ಅದು ಅತಿಯಾದ ಬೇಡಿಕೆಯಲ್ಲ. ಗಂಡಸರೇ ತುಂಬಿರುವ ಕೋಣೆಗೆ ಹೈಸ್ಕೂಲ್ ಹುಡುಗಿ ಒಬ್ಬಳೇ ಹೋಗಲು ಹಿಂಜರಿಯುತ್ತಾಳೆ. ಹಾಗಾದರೆ ತಂದೆಯೇ ಒಂದು ಭಾನುವಾರ ಅಂಗಡಿಯ ಶಟರ್ ಎರಡು ತಾಸು ತಡವಾಗಿ ಎತ್ತಿ ಅವಳನ್ನು ಕರೆದೊಯ್ಯಲಿ. ಮಸೀದಿ ಕಮಿಟಿಗಳು ಪ್ರತಿಭಾ ಪುರಸ್ಕಾರದ ಶಾಲು, ಸ್ಮರಣಿಕೆಗಳ ಖರ್ಚನ್ನು ಸ್ವಲ್ಪ ತಗ್ಗಿಸಿ, ಪ್ರವೇಶಾತಿಯ ದಿನಗಳಲ್ಲಿ ಒಂದು ಮೇಜಿನ ಮೇಲೆ ಈ ಪಟ್ಟಿಗಳನ್ನಿಟ್ಟು, ಓದಿ ಹೇಳಬಲ್ಲ ಇಬ್ಬರು ಪದವೀಧರರನ್ನು ಕೂರಿಸಲಿ. ಫಲಿತಾಂಶ ಬಂದ ಮೇಲಲ್ಲ, ಮಕ್ಕಳು ಒಂಬತ್ತನೇ ತರಗತಿಯಲ್ಲಿರುವಾಗಲೇ ಈ ಕೆಲಸ ಶುರುವಾಗಬೇಕು.