ಅಜ್ಜಿ ಬಿದ್ದದ್ದಲ್ಲ, ಬೈಕ್ ಗುದ್ದಿದ್ದು

ಒಂದು ಉದಾಹರಣೆ ತಗೊಳ್ಳೋಣ. ಮಧುಗಿರಿ ತಾಲ್ಲೂಕಿನ ಯಾವುದೋ ಹಳ್ಳಿ. ಸಂಜೆ ಡೇರಿಗೆ ಹಾಲು ಹಾಕಿ ರಸ್ತೆ ಬದಿಯಲ್ಲಿ ನಡೆದು ಬರುತ್ತಿದ್ದ ಅಜ್ಜಿಗೆ ಬೈಕ್ ಗುದ್ದುತ್ತೆ, ತೊಡೆಮೂಳೆ ಮುರಿಯುತ್ತೆ. ಗುದ್ದಿದವನು ಪಕ್ಕದೂರಿನ ಹುಡುಗ, ಗೊತ್ತಿರೋ ಮನೆಯವನು. ಬೈಕಿಗೆ ಇನ್ಶೂರೆನ್ಸ್ ಇಲ್ಲ. ‘ಖರ್ಚು ನಾವು ನೋಡ್ಕೋತೀವಿ, ಕೇಸು ಬೇಡ’ ಅಂತ ಮಾತುಕತೆ ಆಗುತ್ತೆ. ಆಸ್ಪತ್ರೆಯಲ್ಲಿ ಕೇಳಿದರೆ ಒಂದೇ ಉತ್ತರ: ‘ಬಿದ್ಬಿಟ್ರು ಸಾರ್.’

ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಗಾಯಕ್ಕೆ ಎರಡು ಸಂಕೇತ ಬೇಕು. ಏನಾಗಿದೆ ಅನ್ನೋದಕ್ಕೆ ಎಸ್72, ಅಂದರೆ ತೊಡೆಮೂಳೆ ಮುರಿತ. ಹೇಗಾಯ್ತು ಅನ್ನೋದಕ್ಕೆ ವಿ02: ಪಾದಚಾರಿಗೆ ದ್ವಿಚಕ್ರ ಅಥವಾ ತ್ರಿಚಕ್ರ ಮೋಟಾರು ವಾಹನ ಡಿಕ್ಕಿ. ಕಾರು, ವ್ಯಾನ್ ಆದರೆ ವಿ03, ಲಾರಿ, ಬಸ್ಸಾದರೆ ವಿ04. ಗುದ್ದಿದ್ದು ಏನಂತ ಗೊತ್ತಿಲ್ಲದಿದ್ದರೆ ವಿ09. ‘ಬಿದ್ರು’ ಅಂದುಬಿಟ್ಟರೆ ಡಬ್ಲ್ಯೂ19, ವಿವರವಿಲ್ಲದ ಬೀಳುವಿಕೆ. ಎಸ್72 ಹಾಗೇ ಇರುತ್ತೆ, ಆಪರೇಷನ್ನೂ ಅದೇ. ರಸ್ತೆ ಮಾತ್ರ ದಾಖಲೆಯಿಂದ ಮಾಯ.

ಡೇಟಾ ಜೊತೆ ಒದ್ದಾಡಿದ ಯಾವ ಇಂಜಿನಿಯರ್‌ನ ಬೇಕಾದರೂ ಕೇಳಿ. ಖಾಲಿ ಬಿಟ್ಟ ಕಾಲಂಗಿಂತ ತಪ್ಪು ತುಂಬಿದ ಕಾಲಂ ಹೆಚ್ಚು ಅಪಾಯ. ಖಾಲಿ ಇದ್ದರೆ ಯಾರಾದರೂ ಪ್ರಶ್ನೆ ಕೇಳಿಯಾರು.

ಕಳೆದುಹೋಗೋದು ಬರೀ ಅಂಕಿ ಅಲ್ಲ, ದುಡ್ಡು. 2025ರ ಮೇನಲ್ಲಿ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆಯಲ್ಲಿ ಮೋಟಾರು ವಾಹನ ಅಪಘಾತದ ಗಾಯಾಳುವಿಗೆ 7 ದಿನ, 1.5 ಲಕ್ಷ ರೂಪಾಯಿವರೆಗೆ ಅವಕಾಶ ಇದೆ. ಗುದ್ದಿ ಪರಾರಿಯಾದ ಪ್ರಕರಣದಲ್ಲಿ 2022ರ ಏಪ್ರಿಲ್‌ನಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಪರಿಹಾರ. ‘ಬಿದ್ದವರಿಗೆ’ ಇದ್ಯಾವುದೂ ಇಲ್ಲ. ಖರ್ಚು ನೋಡ್ಕೋತೀವಿ ಅಂದ ಮನೆಯವರು ಎರಡನೇ ತಿಂಗಳಿಗೆ ಫೋನ್ ಎತ್ತದಿದ್ದರೆ ಅಜ್ಜಿಯ ಮಗ ಯಾವ ಕಾಗದ ಹಿಡಿದು ಹೋಗಬೇಕು?

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ಪಾದಚಾರಿಗಳು ಸುಮಾರು 19.5 ಶೇಕಡಾ. ಇದು ಪೊಲೀಸರ ಲೆಕ್ಕ. ಠಾಣೆಗೆ ಹೋಗದ್ದು ಇದರಲ್ಲಿ ಬರಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ಪಾವಗಡದ ಪಳವಳ್ಳಿ ಕಟ್ಟೆ ಬಳಿ ಬಸ್ ಉರುಳಿತು, ಆಗಸ್ಟ್‌ನಲ್ಲಿ ಶಿರಾ ಬಳಿ ಕೂಲಿ ಕಾರ್ಮಿಕರ ವಾಹನಕ್ಕೂ ಲಾರಿಗೂ ಡಿಕ್ಕಿಯಾಗಿ 9 ಜನ ಸತ್ತರು. ಮಂತ್ರಿಗಳು ಮಾತಾಡಿದರು, ಚಾನೆಲ್‌ಗಳು ಓಡಿಬಂದವು. ನಡೆದು ಹೋಗುವವರು ಒಬ್ಬೊಬ್ಬರಾಗಿ ಸಾಯ್ತಾರೆ, ಅದೇ ತೊಂದರೆ.

ಪಾವಗಡದ್ದು ಇನ್ನೊಂದು ಕಥೆ. ಮೂರು ಕಡೆ ಆಂಧ್ರ ಇರೋ ತಾಲ್ಲೂಕು. ಗಾಯಾಳು ಹಿಂದೂಪುರಕ್ಕೋ ಅನಂತಪುರಕ್ಕೋ ಹೋದರೆ ಆಸ್ಪತ್ರೆ ದಾಖಲೆ ಬೇರೆ ರಾಜ್ಯದ್ದು. ತಲೆಗೆ ಪೆಟ್ಟಾಗಿ ನಿಮ್ಹಾನ್ಸ್‌ನಲ್ಲಿ ತೀರಿಕೊಂಡರೆ, 1969ರ ಕಾಯ್ದೆ ಪ್ರಕಾರ ಮರಣ ನೋಂದಣಿ ಬೆಂಗಳೂರಲ್ಲಿ. ವಿ04 ಅಂತ ಸರಿಯಾಗೇ ಬರೆದರೂ ಯಾವ ರಸ್ತೆ, ಯಾವ ಗೇಟು ಅಂತ ಆ ಸಂಕೇತ ಹೇಳಲ್ಲ.

ರಾತ್ರಿ ಒಬ್ಬರೇ ಡ್ಯೂಟಿಯಲ್ಲಿರೋ ಡಾಕ್ಟರನ್ನ ಬೈದು ಪ್ರಯೋಜನ ಇಲ್ಲ. ಐಐಟಿ ಮದ್ರಾಸ್ ಮತ್ತು ಎನ್‌ಐಸಿ ರೂಪಿಸಿದ ಅಪಘಾತ ದತ್ತಾಂಶ ವ್ಯವಸ್ಥೆಯಲ್ಲಿ ಪೊಲೀಸರ ಜೊತೆ ಆಸ್ಪತ್ರೆಯೂ ವಿವರ ತುಂಬುವ ಜಾಗ ಇದೆ. 2021ರಲ್ಲಿ ಅದು ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2023ರಲ್ಲಿ ಗೃಹ ಸಚಿವರಾದ ಜಿ. ಪರಮೇಶ್ವರ ಅವರು ಕೊರಟಗೆರೆ ಶಾಸಕರೇ. ನಾಲ್ಕು ತಾಲ್ಲೂಕು ಆಸ್ಪತ್ರೆಗಳ ಮೂಳೆ ಮುರಿತದ ರಿಜಿಸ್ಟರನ್ನೂ ಠಾಣೆಗಳ ಎಫ್‌ಐಆರ್‌ಗಳನ್ನೂ ಒಂದು ತಿಂಗಳ ಮಟ್ಟಿಗೆ ಪಕ್ಕಪಕ್ಕ ಇಟ್ಟು ನೋಡೋಕೆ ಹೊಸ ಯೋಜನೆಯೂ ಬೇಡ, ಟೆಂಡರೂ ಬೇಡ.