ವೈಫೈ ಸಿಗದ ಹಳೆ ಲ್ಯಾಪ್‌ಟಾಪ್ ಗುಜರಿಗೇ ಹೋಗಬೇಕೆ?

ಹೊಸ ಕಂಪ್ಯೂಟರ್ ಕೊಳ್ಳುವ ಮೊದಲು ನನಗೊಂದು ಫೋನ್ ಮಾಡುವ ಪರಿಚಿತರು ಈಚೆಗೆ ಹೆಚ್ಚಾಗಿದ್ದಾರೆ. ಸಾಫ್ಟ್‌ವೇರ್ ಕೆಲಸದವನಾದ್ದರಿಂದ ಪ್ರಿಂಟರ್‌ನಿಂದ ಟಿವಿ ರಿಮೋಟ್‌ವರೆಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ಅವರದು. "ಹಳೇದು ಹೋಯ್ತು" ಅನ್ನುತ್ತಾರೆ. ಏನು ಹೋಯ್ತು ಎಂದು ಕೇಳಿದರೆ ಆನ್ ಆಗುತ್ತದೆ, ಪರದೆ ಸರಿಯಿದೆ, ಫೋಟೋಗಳೆಲ್ಲ ಇವೆ, ಕೀಬೋರ್ಡಿನಲ್ಲಿ ಒಂದೆರಡು ಅಕ್ಷರ ಮಾಸಿವೆ ಅಷ್ಟೆ. ಹೋಗಿರುವುದು ವೈಫೈ. ಮನೆಯ ಎಲ್ಲ ಫೋನ್‌ಗಳಿಗೂ ಸಿಗುವ ವೈಫೈ ಆ ಒಂದು ಲ್ಯಾಪ್‌ಟಾಪ್‌ಗೆ ಸಿಗುತ್ತಿಲ್ಲ. ಅಷ್ಟಕ್ಕೇ ಅದಕ್ಕೆ ಗುಜರಿಯ ದಾರಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಪ್ರೊಸೆಸರ್ ಹೆಚ್ಚುಕಡಿಮೆ 2018ರಿಂದ ಈಚಿನದಾಗಿರಬೇಕು. ಹಾಗಾಗಿ ಎಷ್ಟೋ ಮನೆಗಳಲ್ಲಿ ಹಳೆಯದನ್ನು ಸಾಗಹಾಕುವ ಮಾತು ಮೊದಲೇ ಶುರುವಾಗಿತ್ತು. ವೈಫೈ ಕೈಕೊಟ್ಟರೆ ಆ ಮಾತು ಅಲ್ಲಿಗೆ ಇತ್ಯರ್ಥ. ನನಗೆ ಇದಕ್ಕೆ ತಕರಾರಿದೆ. ನಾನು ನೋಡಿದ ಇಂಥ ಯಂತ್ರಗಳಲ್ಲಿ ಹೆಚ್ಚಿನವು ಒಂದು ಸಂಜೆಯ ಕೆಲಸಕ್ಕೆ, ಐನೂರು ರೂಪಾಯಿಯೊಳಗಿನ ಖರ್ಚಿಗೆ, ಕೆಲವೊಮ್ಮೆ ಖರ್ಚೇ ಇಲ್ಲದೆ, ಮತ್ತೆ ಇಂಟರ್ನೆಟ್ ಕಂಡಿವೆ.

ಡೊಂಬಿವಲಿಯಲ್ಲಿ ನಮ್ಮೂರ ಕಡೆಯ ಹಿರಿಯರೊಬ್ಬರಿದ್ದಾರೆ. ಫೋರ್ಟಿನ ಬ್ಯಾಂಕೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹದಿನೈದು ವರ್ಷ ಹಳೆಯ ಲ್ಯಾಪ್‌ಟಾಪ್‌ನಲ್ಲಿ ನುಡಿ ತಂತ್ರಾಂಶ ಹಾಕಿಕೊಂಡು ತಮ್ಮ ಮುಂಬೈ ದಿನಗಳ ನೆನಪು ಬರೆಯುತ್ತಿದ್ದಾರೆ. ಸಂಘದ ಸಂಚಿಕೆಗೆ ಲೇಖನ ಕಳಿಸಲು ಮಾತ್ರ ಅವರಿಗೆ ಇಂಟರ್ನೆಟ್ ಬೇಕು. ಮನೆಗೆ ಫೈಬರ್ ಬಂದು, ಹೊಸ ರೌಟರ್ ಕೂರಿಸಿದ ದಿನದಿಂದ ಲ್ಯಾಪ್‌ಟಾಪ್‌ಗೆ ವೈಫೈ ಹೆಸರೇ ಕಾಣುತ್ತಿಲ್ಲ. ಅಂಗಡಿಯವರು ನೋಡಿ, "ಕಾರ್ಡ್ ಸುಟ್ಟಿದೆ, ಇದರ ಪಾರ್ಟು ಈಗ ಬರುವುದಿಲ್ಲ" ಎಂದು ನಲವತ್ತು ಸಾವಿರದ ಹೊಸದೊಂದನ್ನು ತೋರಿಸಿದರಂತೆ.

"ನಲವತ್ತು ಸಾವಿರಕ್ಕಿಂತ ದೊಡ್ಡ ಚಿಂತೆ ಬೇರೆ ಉಂಟು ಮಾರಾಯ, ಹೊಸದರಲ್ಲಿ ನನ್ನ ನುಡಿ ಫೈಲು ತೆರೀದಿದ್ರೆ?" ಎಂದು ಕೇಳಿದರು.

ಭಯಕ್ಕೆ ಕಾರಣವಿದೆ. ನುಡಿ, ಬರಹದ ಹಳೆಯ ಕಡತಗಳು ಯೂನಿಕೋಡ್‌ನಲ್ಲಿಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಬರುತ್ತವೆ. ಪರಿವರ್ತಿಸುವ ಸಲಕರಣೆಗಳಿವೆ, ನಿಜ. ಆದರೆ ಎಪ್ಪತ್ತು ದಾಟಿದವರಿಗೆ ಅದನ್ನು ಯಾರು ಮಾಡಿಕೊಡುತ್ತಾರೆ? ಹೊರನಾಡಿನ ಎಷ್ಟೋ ಕನ್ನಡ ಬರಹ ಇಂದಿಗೂ ಇಂಥ ಹಳೆಯ ಹಾರ್ಡ್ ಡಿಸ್ಕ್‌ಗಳಲ್ಲಿ, ಇಂಥ ಫಾಂಟ್‌ಗಳಲ್ಲಿ ಕೂತಿದೆ. ಲ್ಯಾಪ್‌ಟಾಪ್ ಗುಜರಿಗೆ ಹೋದರೆ ಜೊತೆಗೆ ಅದೂ ಹೋಗುತ್ತದೆ.

ಅವರ ಕಾರ್ಡ್ ಸುಟ್ಟಿರಲಿಲ್ಲ. ವೈಫೈ ಓಡುವ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಚಾನೆಲ್‌ಗಳಾಗಿ ಭಾಗ ಮಾಡಿದ್ದಾರೆ. ನಮ್ಮ ದೇಶದಲ್ಲಿ 1ರಿಂದ 13ರವರೆಗೆ ಬಳಸಬಹುದು, ಅಮೆರಿಕದಲ್ಲಿ ಬಳಕೆ 11ಕ್ಕೇ ನಿಲ್ಲುತ್ತದೆ. ಹಳೆಯ ಲ್ಯಾಪ್‌ಟಾಪ್‌ಗಳ ಎಷ್ಟೋ ಕಾರ್ಡ್‌ಗಳು ಅಮೆರಿಕದ ಲೆಕ್ಕಕ್ಕೆ ಕೂರಿಸಿದಂಥವು, 12 ಮತ್ತು 13ನ್ನು ನೋಡುವುದೇ ಇಲ್ಲ. ಹೊಸ ರೌಟರ್ ತಾನೇ ಚಾನೆಲ್ ಆರಿಸಿಕೊಳ್ಳುತ್ತದೆ. ಮುಂಬೈಯ ಕಟ್ಟಡದಲ್ಲಿ ಹತ್ತಡಿ ಕೋಣೆಯಲ್ಲಿ ನಿಂತರೆ ಫೋನಿನಲ್ಲಿ ಇಪ್ಪತ್ತು, ಮೂವತ್ತು ಮನೆಗಳ ವೈಫೈ ಹೆಸರು ಕಾಣುತ್ತವೆ. ಒಂದಕ್ಕೊಂದು ಅಡ್ಡಬರದ ಚಾನೆಲ್‌ಗಳು 1, 6, 11 ಈ ಮೂರೇ, ಅಲ್ಲೆಲ್ಲ ಸಂಜೆ ಆರರ ವಿರಾರ್ ಲೋಕಲ್‌ನಷ್ಟು ನೂಕುನುಗ್ಗಲು. ಬುದ್ಧಿವಂತ ರೌಟರ್ ಖಾಲಿಯಿದ್ದ 13ಕ್ಕೆ ಹೋಗಿ ಕೂತಿತ್ತು. ಅದನ್ನು 6ಕ್ಕೆ ತಂದ ಕೂಡಲೇ ಹೆಸರು ಕಾಣಿಸಿತು.

ಕಾಣಿಸಿದರೂ ಸೇರಲಿಲ್ಲ. ರೌಟರ್‌ನಲ್ಲಿ ಭದ್ರತೆಯ ಹೊಸ ಪದ್ಧತಿ ಡಬ್ಲ್ಯುಪಿಎ3 ಮಾತ್ರ ಚಾಲೂ ಇತ್ತು. 2018ರಲ್ಲಿ ಬಂದ ಪದ್ಧತಿ ಅದಕ್ಕಿಂತ ಹಿಂದಿನ ಕಾರ್ಡಿಗೆ ಗೊತ್ತಿರುವುದಾದರೂ ಹೇಗೆ? ಡಬ್ಲ್ಯುಪಿಎ2ಗೆ ಇಳಿಸಿದೆ. ಸೇರಿತು, ಆದರೆ ಯಾವ ಪುಟವೂ ತೆರೆಯದೆ 'ಈ ಸಂಪರ್ಕ ಸುರಕ್ಷಿತವಲ್ಲ' ಎಂಬ ಎಚ್ಚರಿಕೆ. ಮೂಲೆಯಲ್ಲಿ ತಾರೀಕು ನೋಡಿದರೆ 2010ರ ಜನವರಿ 1! ಒಳಗಿನ ಗಡಿಯಾರವನ್ನು ನಡೆಸುವ ಬಟನ್ ಸೆಲ್ ಸತ್ತಿತ್ತು. ಇಂದಿನ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯಿರುತ್ತದೆ. 2010ರಲ್ಲಿ ಬದುಕುತ್ತಿರುವ ಕಂಪ್ಯೂಟರಿಗೆ ಅವೆಲ್ಲ ಇನ್ನೂ ಹುಟ್ಟಿಯೇ ಇಲ್ಲ. ಸಿಆರ್2032 ಎಂಬ ಆ ನಾಣ್ಯದಂಥ ಸೆಲ್ ಕೆಲವೇ ಹತ್ತು ರೂಪಾಯಿಗಳದ್ದು. ಡೆಸ್ಕ್‌ಟಾಪ್ ಆದರೆ ಉಗುರಿನಿಂದ ತೆಗೆದು ಹಾಕಬಹುದು, ಲ್ಯಾಪ್‌ಟಾಪ್‌ನಲ್ಲಿ ಮಾತ್ರ ತಳ ಬಿಚ್ಚುವ ಗೋಜು.

ಇಷ್ಟೆಲ್ಲ ವಿವರ ಕೊಟ್ಟದ್ದಕ್ಕೆ ಕಾರಣವಿದೆ. ಮೂರು ತೊಂದರೆಗಳಲ್ಲಿ ಒಂದೂ ಕಂಪ್ಯೂಟರಿನ ಮುಪ್ಪಿನದಲ್ಲ. ಎರಡು ರೌಟರಿನವು, ಒಂದು ಸೆಲ್ಲಿನದು. ಆದರೂ ತೀರ್ಪು ಬಿದ್ದದ್ದು ಕಂಪ್ಯೂಟರಿನ ಮೇಲೆ.

ನಿಜಕ್ಕೂ ಕಾರ್ಡೇ ಕೆಟ್ಟಿದ್ದರೆ? ಆಗಲೂ ಕಂಪ್ಯೂಟರ್ ಎಸೆಯಬೇಕಿಲ್ಲ. ಮೊದಲ ಮದ್ದು ತಂತಿ. ರೌಟರ್‌ನಿಂದ ಹತ್ತು ಮೀಟರ್ ಲ್ಯಾನ್ ಕೇಬಲ್ ಎಳೆದರೆ ಚಾನೆಲ್ಲೂ ಬೇಡ, ಪಾಸ್‌ವರ್ಡೂ ಬೇಡ. ಒಂದು ಬೆಡ್‌ರೂಮಿನ ಮುಂಬೈ ಮನೆಗೆ ಹತ್ತು ಮೀಟರ್ ಧಾರಾಳ. ಗೋಡೆ ಮೇಲೆ ತಂತಿ ಚೆಂದ ಕಾಣುವುದಿಲ್ಲ ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ. ಎರಡನೆಯದು ಕೈಯಲ್ಲಿರುವ ಆಂಡ್ರಾಯ್ಡ್ ಫೋನು. ಚಾರ್ಜಿಂಗ್ ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಒತ್ತಿದರೆ ಫೋನೇ ವೈಫೈ ಕಾರ್ಡಿನ ಕೆಲಸ ಮಾಡುತ್ತದೆ. ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು ಎಂಬ ತಿರುಗಣಿಯಲ್ಲಿ ಸಿಕ್ಕವರಿಗೆ ಹೊರಬರುವ ಸುಲಭದ ಬಾಗಿಲು ಇದೇ.

ಮೂರನೆಯದು ಬೆರಳಿನ ಗಾತ್ರದ ಯುಎಸ್‌ಬಿ ಡಾಂಗಲ್. ಗ್ರಾಂಟ್ ರೋಡ್ ಸ್ಟೇಷನ್ನಿಂದ ನಡೆದೇ ಹೋಗಬಹುದಾದ ಲ್ಯಾಮಿಂಗ್ಟನ್ ರೋಡಿನಲ್ಲಿ ಇವು ರಾಶಿ ರಾಶಿ ಸಿಗುತ್ತವೆ. ಬೋರ್ಡಿನ ಮೇಲಿನ ಹೆಸರು ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ್. ಆ ಹೆಸರು ಹೇಳಿ ದಾರಿ ಕೇಳಿದರೆ ಟ್ಯಾಕ್ಸಿಯವರು ಮುಖ ನೋಡುತ್ತಾರೆ. ಅಲ್ಲಿ ಡಾಂಗಲ್ ಕೊಳ್ಳುವಾಗ ಕಂಪನಿ ಹೆಸರಿಗಿಂತ ಒಳಗಿನ ಚಿಪ್ ಯಾವುದೆಂದು ಕೇಳಬೇಕು. ಹೊರಗೆ ಒಂದೇ ಮಾದರಿ ಸಂಖ್ಯೆ, ಒಳಗೆ ಬೇರೆ ಚಿಪ್ ಇರುವುದುಂಟು. ಟಿಪಿ-ಲಿಂಕ್‌ನ ಡಬ್ಲ್ಯುಎನ್722ಎನ್ ಇದಕ್ಕೆ ಹೆಸರುವಾಸಿ ಉದಾಹರಣೆ. ಮೊದಲ ಆವೃತ್ತಿಯಲ್ಲಿದ್ದುದು ಅಥೆರೋಸ್ ಚಿಪ್, ಲಿನಕ್ಸ್‌ನಲ್ಲಿ ಚುಚ್ಚಿದ ಕೂಡಲೇ ಓಡುತ್ತಿತ್ತು. ಎರಡನೇ ಆವೃತ್ತಿಯಿಂದ ರಿಯಲ್‌ಟೆಕ್ ಬಂತು, ಡ್ರೈವರ್ ಹುಡುಕುವ ಪಾಡು ಶುರುವಾಯಿತು. ಡಬ್ಬದ ಮೇಲೆ ಸಣ್ಣಕ್ಷರದಲ್ಲಿ ವಿ1, ವಿ2 ಎಂದು ಬರೆದಿರುವುದನ್ನು ಎಷ್ಟು ಜನ ಓದುತ್ತಾರೆ?

ನನ್ನ ಸಿಟ್ಟು ಇರುವುದು ಈ ಡ್ರೈವರ್ ವಿಷಯದಲ್ಲೇ. ಕಾರ್ಡ್ ಚೆನ್ನಾಗಿರುತ್ತದೆ. ಅದನ್ನು ಮಾತಾಡಿಸುವ ತಂತ್ರಾಂಶವನ್ನು ತಯಾರಕರು ಬಿಟ್ಟುಬಿಡುತ್ತಾರೆ, ಬೇರೆಯವರು ಬರೆಯಲು ಬೇಕಾದ ವಿವರವನ್ನೂ ಕೊಡುವುದಿಲ್ಲ. ಬ್ರಾಡ್‌ಕಾಮ್ ಕಾರ್ಡ್‌ಗಳಿಗೆ ಲಿನಕ್ಸ್‌ನವರು ಕಂಪನಿಯ ಡ್ರೈವರನ್ನು ಬಿಡಿಸಿ ನೋಡಿ, ಊಹಿಸಿ, ಸ್ವಂತ ಡ್ರೈವರ್ ಬರೆಯಬೇಕಾಯಿತು. ಕಂಪನಿ ತಾನೇ ಮುಕ್ತ ಡ್ರೈವರ್ ಬಿಡುಗಡೆ ಮಾಡಿದ್ದು 2010ರ ಸೆಪ್ಟೆಂಬರ್‌ನಲ್ಲಿ, ಅದೂ ಆಗಿನ ಕೆಲವು ಹೊಸ ಚಿಪ್‌ಗಳಿಗೆ ಮಾತ್ರ. ಹಳೆಯ ಥಿಂಕ್‌ಪ್ಯಾಡ್‌ಗಳದ್ದು ಇನ್ನೊಂದು ಕತೆ. ಒಳಗಿನ ಕಾರ್ಡ್ ತೆಗೆದು, ತಯಾರಕರ ಪಟ್ಟಿಯಲ್ಲಿಲ್ಲದ ಬೇರೊಂದನ್ನು ಹಾಕಿದರೆ 1802 ಎಂಬ ಎರರ್ ತೋರಿಸಿ ಯಂತ್ರ ಅಲ್ಲೇ ನಿಲ್ಲುತ್ತಿತ್ತು. ದುಡ್ಡು ಕೊಟ್ಟು ಕೊಂಡ ನನ್ನ ಯಂತ್ರದೊಳಗೆ ನನಗೆ ಬೇಕಾದ ಕಾರ್ಡ್ ಹಾಕಲು ಬಿಡದಿರುವುದಕ್ಕೆ ತಾಂತ್ರಿಕ ಸಮರ್ಥನೆಗಳನ್ನು ಕೇಳಿದ್ದೇನೆ. ಒಂದೂ ನನಗೆ ಒಪ್ಪಿಗೆಯಾಗಿಲ್ಲ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು. ಒಳ್ಳೆಯ ಕೆಲಸವೇ. ಈಗ ರಿಪೇರಿ ಎಷ್ಟು ಸುಲಭ ಎಂದು ಅಂಕ ಕೊಡುವ ಸೂಚ್ಯಂಕದ ಮಾತೂ ನಡೆದಿದೆ. ಅಂಕ ಕೊಡುವಾಗ ಸ್ಕ್ರೂ, ಬಿಡಿಭಾಗ, ಕೈಪಿಡಿಗಳ ಜೊತೆ ಡ್ರೈವರನ್ನೂ ಒಂದು ಬಿಡಿಭಾಗವೆಂದೇ ಎಣಿಸಬೇಕೆಂಬುದು ನನ್ನ ವಾದ. ಬೆಂಬಲ ನಿಲ್ಲಿಸುವ ದಿನ ಕೊನೆಯ ಡ್ರೈವರನ್ನೂ ಚಿಪ್‌ನ ವಿವರಗಳನ್ನೂ ಎಲ್ಲರಿಗೂ ಸಿಗುವಂತೆ ಇಟ್ಟು ಹೋಗಲಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಎಸೆದ ಮೇಲಿನ ಜವಾಬ್ದಾರಿಯನ್ನು ತಯಾರಕರ ತಲೆಗೆ ಕಟ್ಟುತ್ತವೆ, ಸರಿ. ಎಸೆಯದಂತೆ ಮಾಡುವ ಜವಾಬ್ದಾರಿ ಯಾರದು? ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾದ ರೀತಿಯಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋಗಿದ್ದಕ್ಕೆ ದಾಖಲೆಯಿರುವುದು ಶೇ 22.3ಕ್ಕೆ ಮಾತ್ರ.

ಹಳೆಯ ಯಂತ್ರ ಇಂಟರ್ನೆಟ್‌ಗೆ ಬಂದರೆ ಅಪಾಯವಲ್ಲವೇ ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ವಿಂಡೋಸ್ 7ರ ಬೆಂಬಲ ನಿಂತದ್ದು 2020ರ ಜನವರಿಯಲ್ಲಿ. ಅದರಲ್ಲಿ ಬ್ಯಾಂಕಿನ ವ್ಯವಹಾರ ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಡೊಂಬಿವಲಿಯ ಹಿರಿಯರಿಗೆ ಎರಡು ವ್ಯವಸ್ಥೆ ಮಾಡಿಕೊಟ್ಟೆ. ಹಳೆಯ ವಿಂಡೋಸ್ ನುಡಿಯ ಸಮೇತ ಹಾಗೇ ಇದೆ, ಇಂಟರ್ನೆಟ್ ಮಾತ್ರ ಇಲ್ಲ. ಪಕ್ಕದಲ್ಲಿ ಲಿನಕ್ಸ್ ಮಿಂಟ್ ಇದೆ, ಮೇಲ್ ಕಳಿಸುವುದು ಅದರಿಂದ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸ ಲಿನಕ್ಸ್‌ನಲ್ಲೂ ಇರುವುದರಿಂದ ಅವರ ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಾಗಿ ಬರಲಿಲ್ಲ. ಒತ್ತಿದ ಕೀ ಅವೇ, ಮೂಡುವುದು ಯೂನಿಕೋಡ್ ಕನ್ನಡ. ನಾಲ್ಕು ಜಿಬಿ ರ‍್ಯಾಮ್‌ನಲ್ಲಿ ಬೇಸರವಾಗದಷ್ಟು ವೇಗದಲ್ಲಿ ನಡೆಯುತ್ತದೆ. ಎರಡು ಜಿಬಿಗಿಂತ ಕಡಿಮೆಯಿದ್ದರೆ ಒದ್ದಾಡಬೇಡಿ ಎಂಬುದೇ ನನ್ನ ಸಲಹೆ. ಕೆಲವು ಯಂತ್ರಗಳಿಗೆ ವಿಶ್ರಾಂತಿ ನಿಜಕ್ಕೂ ಬೇಕು.

ಇನ್ನು ನಮ್ಮವರಿಗೆ ಒಂದು ಮಾತು. 1926ರಲ್ಲಿ ಹುಟ್ಟಿದ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಿಂದ ಹಿಡಿದು ಉಪನಗರಗಳ ಸಣ್ಣ ಸಣ್ಣ ಬಳಗಗಳವರೆಗೆ ಮುಂಬೈಯಲ್ಲಿ ಕನ್ನಡ ಸಂಘಗಳಿಗೆ ಕೊರತೆಯಿಲ್ಲ. ಸಭಾಂಗಣಗಳಿವೆ, ಭಾನುವಾರಗಳಿವೆ, ಐಟಿ ಕೆಲಸಕ್ಕೆ ಬಂದ ನನ್ನಂಥ ಹುಡುಗ ಹುಡುಗಿಯರು ಐರೋಲಿ, ಪೊವಾಯಿ, ಠಾಣೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರು ಸಂಘಕ್ಕೆ ಬರುವುದಿಲ್ಲ ಎಂಬ ದೂರನ್ನು ಪ್ರತಿ ವಾರ್ಷಿಕೋತ್ಸವದಲ್ಲೂ ಕೇಳುತ್ತೇನೆ. ಬಂದರೆ ಅವರಿಗೆ ಅಲ್ಲಿರುವ ಕೆಲಸವೇನು? ಶಾಲು ಹೊದಿಸುವಾಗ ಚಪ್ಪಾಳೆ ತಟ್ಟುವುದು. ವರ್ಷಕ್ಕೆ ಎರಡು ಭಾನುವಾರ ಸನ್ಮಾನ ಬಿಟ್ಟು ಹಳೆಯ ಕಂಪ್ಯೂಟರ್‌ಗಳನ್ನು ತರಿಸಿ ನೋಡಿ. ಹಿರಿಯರ ಲ್ಯಾಪ್‌ಟಾಪ್‌ಗೆ ವೈಫೈ ಬರಲಿ, ಕಡತಗಳ ನಕಲು ತೆಗೆದು ಯೂನಿಕೋಡ್‌ಗೆ ತಿರುಗಿಸಲಿ. ಯಜಮಾನರಿಗೆ ಇನ್ನು ಬೇಡವಾದ ಯಂತ್ರವನ್ನು ಒರೆಸಿ, ಸರಿಮಾಡಿ, ಒಂದೇ ಫೋನಿನಲ್ಲಿ ಇಬ್ಬರು ಮಕ್ಕಳು ಓದುತ್ತಿರುವ ಮನೆಗೆ ಕೊಡಬಹುದು.

ಬೇಕಾಗುವುದು ಹೆಚ್ಚೇನಿಲ್ಲ. ಉದ್ದನೆಯ ಮೇಜು, ಎರಡು ಎಕ್ಸ್‌ಟೆನ್ಷನ್ ಬೋರ್ಡ್, ಒಂದು ಲ್ಯಾನ್ ಕೇಬಲ್, ಅಥೆರೋಸ್ ಚಿಪ್‌ನ ನಾಲ್ಕು ಡಾಂಗಲ್, ಸಿಆರ್2032 ಸೆಲ್ಲಿನ ಒಂದು ಪಟ್ಟಿ, ಮಿಂಟ್ ತುಂಬಿದ ಪೆನ್‌ಡ್ರೈವ್. ನಮ್ಮ ಕಡೆಯ ಬಳಗಕ್ಕೆ ಈ ಪಟ್ಟಿಯನ್ನು ಕಳೆದ ತಿಂಗಳೇ ಕೊಟ್ಟಿದ್ದೇನೆ. ಸಭಾಂಗಣ ಸಿಕ್ಕಿದೆ, ಭಾನುವಾರ ಯಾವುದೆಂದು ಇನ್ನೂ ಚರ್ಚೆ ನಡೆಯುತ್ತಿದೆ.