ಕೂಡಿ ಹೋದರೆ ಸಾಕೆ?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಡೆ ಊರು ಬಿಟ್ಟು ಹೊರಡುವುದೆಂದರೆ ಗುಂಪು ಕಟ್ಟಿಕೊಂಡು ಹೊರಡುವುದು. ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳ ಸಾಲು, ಶ್ರೀಶೈಲಕ್ಕೆ ಪಾದಯಾತ್ರೆ, ಪಂಢರಪುರಕ್ಕೆ ದಿಂಡಿ, ಕಾಶಿಗೆ ರೈಲು. ಎಲ್ಲಿಗೇ ಆದರೂ ಓಣಿಯ ಹತ್ತು ಮನೆ ಕೂಡಿದರೇ ಪ್ರಯಾಣಕ್ಕೆ ಕಳೆ. ಈಗ ಆ ಗುಂಪಿನ ಮುಂದೆ ಸಮುದ್ರವೂ ಬಂದು ನಿಂತಿದೆ. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೆಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು ಮುಂಬೈಯಿಂದ ಗೋವಾ, ಲಕ್ಷದ್ವೀಪಗಳ ಕಡೆಗೆ ಓಡಾಟ ಶುರುಮಾಡಿದ ಮೇಲೆ, ಹಡಗಿನ ವಿಹಾರಕ್ಕೆ ಪಾಸ್‌ಪೋರ್ಟ್ ಮಾಡಿಸಿ ಪರದೇಶಕ್ಕೇ ಹೋಗಬೇಕೆಂಬ ಮಾತು ಉಳಿದಿಲ್ಲ. ನಿವೃತ್ತ ಮಾಸ್ತರರೋ ಅಡತಿ ಅಂಗಡಿಯವರೋ ಮಹಿಳಾ ಮಂಡಳದವರೋ ಇಪ್ಪತ್ತು ಮೂವತ್ತು ಮಂದಿ ಕೂಡಿ ಟೂರ್‌ನವರ ಜತೆ ಮಾತಾಡಿದರೆ ಸಾಕು. ಮನೆಯವರು ಅಂಜಿದರೆ ಸಿಗುವ ಸಮಾಧಾನವೂ ಸಿದ್ಧವಾಗಿಯೇ ಇರುತ್ತದೆ: “ಎಲ್ಲಾರೂ ಕೂಡೇ ಅದೀವಿ, ಏನಾಗ್ತದ ಬಿಡ್ರಿ.”

ಈ ಸಮಾಧಾನ ಎಷ್ಟು ನಿಜ? ಜನ ಹೆಚ್ಚಿದ್ದಷ್ಟೂ ಭಯ ಕಡಿಮೆಯಾಗುತ್ತದೆ, ಒಪ್ಪೋಣ. ಭಯ ಕಡಿಮೆಯಾದಾಗ ಅಪಾಯವೂ ಕಡಿಮೆಯಾಗಿದೆಯೇ? ಆಗಿಲ್ಲ ಎಂಬುದು ನನ್ನ ವಾದ. ಗುಂಪು ತಾನಾಗಿ ಯಾರನ್ನೂ ಕಾಯುವುದಿಲ್ಲ. ಯಾರು ಎಲ್ಲಿ ಮಲಗುತ್ತಾರೆ, ಕರೆ ಬಂದರೆ ಯಾರು ಎಲ್ಲಿಗೆ ಹೋಗುತ್ತಾರೆ ಎಂಬೆರಡು ಸಂಗತಿಗಳು ಪ್ರತಿಯೊಬ್ಬರಿಗೂ ಗೊತ್ತಿರುವ ಗುಂಪು ಮಾತ್ರ ಕಾಯುತ್ತದೆ. ಹಡಗಿನ ಕ್ಯಾಬಿನ್ ಹಂಚಿಕೆಯನ್ನು ಮರ್ಯಾದೆಯ ಪ್ರಶ್ನೆಯೆಂದೂ ಸುರಕ್ಷತಾ ಡ್ರಿಲ್ಲನ್ನು ಹೊತ್ತು ಕೆಡಿಸುವ ಕಾಟವೆಂದೂ ನಾವು ಬೇರೆ ಬೇರೆ ಇಟ್ಟಿದ್ದೇವೆ. ಅವೆರಡೂ ಒಂದೇ ಕೆಲಸದ ಎರಡು ಭಾಗಗಳು.

ಗುಂಪಿನ ಉಪಕಾರ ಸಣ್ಣದಲ್ಲ. ಖರ್ಚು ಹಂಚಿಹೋಗುತ್ತದೆ, ರೊಟ್ಟಿಯ ಗಂಟು ಎಲ್ಲರಿಗೂ ಬಿಚ್ಚಿಕೊಳ್ಳುತ್ತದೆ, ಒಬ್ಬರಿಗೆ ಜ್ವರ ಬಂದರೆ ನಾಲ್ವರು ಎದ್ದು ಕೂಡುತ್ತಾರೆ. ಒಂಟಿಯಾಗಿ ಎಂದೂ ಹೊರಡಲಾರದ ಮುದುಕಿ ಗುಂಪಿನ ಬಲದಿಂದಲೇ ಸಮುದ್ರ ನೋಡುತ್ತಾಳೆ. ಆದರೆ ಇವೆಲ್ಲ ಹೊತ್ತು ಇರುವಾಗ ಒದಗುವ ಗುಣಗಳು. ಹೊತ್ತೇ ಇಲ್ಲದ ಗಳಿಗೆಯಲ್ಲಿ ಇದೇ ಗುಂಪು ತಿರುಗಿ ಬೀಳುತ್ತದೆ. ಪ್ರತಿಯೊಬ್ಬನೂ ಇನ್ನೊಬ್ಬನ ಮುಖ ನೋಡುತ್ತಾನೆ, ಆತ ಗಾಬರಿಯಾಗಿಲ್ಲವೆಂದು ತಾನೂ ಕುಳಿತಿರುತ್ತಾನೆ. ದಾರಿ ಮುಂದಿನವರಿಗೆ ಗೊತ್ತಿರಬೇಕು ಎಂದುಕೊಳ್ಳುತ್ತಾನೆ. ಕೊನೆಗೆ ಎದ್ದರೂ ಬಾಗಿಲಿನ ಕಡೆ ಹೋಗದೆ ತನ್ನವರನ್ನು ಹುಡುಕುತ್ತ ಹಿಂದಕ್ಕೆ ನಡೆಯುತ್ತಾನೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ‘ಜಲಕನ್ಯಕಾ’ ದೋಣಿ ಮಗುಚಿ 45 ಜನ ಸತ್ತರು. ದಡದ ಕಾಡುಪ್ರಾಣಿಗಳನ್ನು ನೋಡಲು ಪ್ರವಾಸಿಗರು ಒಂದೇ ಬದಿಗೆ ಸರಿದಿದ್ದರು. ಒಬ್ಬ ಸರಿದರೆ ದೋಣಿಗೆ ಏನೂ ಆಗುತ್ತಿರಲಿಲ್ಲ. ಅಲ್ಲಿ ಗುಂಪೇ ಭಾರವಾಯಿತು.

ನಮಗೆ ಇನ್ನೂ ಹತ್ತಿರದ ಪ್ರಸಂಗ ಕಾರವಾರದ್ದು. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮುಳುಗಿ 16 ಮಂದಿ ತೀರಿಕೊಂಡರು. ಅವರಲ್ಲಿ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಒಂದೇ ಕುಟುಂಬದ ಹಲವರಿದ್ದರು. ಶಿಗ್ಗಾವಿ ನಮ್ಮ ಲಕ್ಷ್ಮೇಶ್ವರ, ಶಿರಹಟ್ಟಿಗಳ ನೆರೆ. ಬಯಲುಸೀಮೆಯ ಜನ ಮನೆಮಂದಿಯೆಲ್ಲ ಕೂಡಿ ದೇವರಿಗೆ ಹೋದವರು. ಹೆಚ್ಚಿನವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಇದನ್ನು ಹೇಳುವುದು ಸತ್ತವರ ಮೇಲೆ ತಪ್ಪು ಹೊರಿಸಲು ಅಲ್ಲ. ಜಾಕೆಟ್ ಕೊಡುವುದು, ಎಣಿಸಿ ಹತ್ತಿಸುವುದು ದೋಣಿ ಬಿಡುವವರ ಮತ್ತು ಬಿಡಲು ಒಪ್ಪಿಗೆ ಕೊಡುವವರ ಹೊಣೆ. ಆದರೆ ಜಾಕೆಟ್ ಎಲ್ಲಿ ಎಂದು ಮೂವತ್ತು ಜನರಲ್ಲಿ ಒಬ್ಬರಾದರೂ ಕೇಳುವಂತೆ ಕಲಿಸದ ಸಮಾಜದಲ್ಲಿ ಆ ಹೊಣೆ ಸುಲಭವಾಗಿ ಸಡಿಲಾಗುತ್ತದೆ.

ದೊಡ್ಡ ಹಡಗು ಸಣ್ಣ ದೋಣಿಯಂತಲ್ಲ, ಅಲ್ಲಿ ನಿಯಮಗಳಿವೆ. ಆ ನಿಯಮಗಳು ಹೇಗೆ ಬಂದವು ಎಂಬುದೇ ಡ್ರಿಲ್ ಯಾಕೆ ಬೇಕೆಂಬುದಕ್ಕೆ ಉತ್ತರ. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಜೀವರಕ್ಷಕ ದೋಣಿಗಳು ಸಾಲದೇ ಹೋದದ್ದು ಎಲ್ಲರಿಗೂ ಗೊತ್ತು. ಇದ್ದ ದೋಣಿಗಳಲ್ಲೂ ಮೊದಮೊದಲಿನವು ಅರೆ ತುಂಬಿ ಇಳಿದವು. ನಲವತ್ತು ಜನ ಹಿಡಿಯುವ ಒಂದರಲ್ಲಿ ಹೋದವರು ಹನ್ನೆರಡೇ ಮಂದಿ. ಬೆಚ್ಚಗಿನ ಹಡಗನ್ನು ಬಿಟ್ಟು ಕತ್ತಲ ನೀರಿಗೆ ಇಳಿಯಬೇಕೆಂದು ಜನ ನಂಬಲಿಲ್ಲ. ಆ ದುರಂತದ ಬೆನ್ನಿಗೆ 1914ರಲ್ಲಿ ಸಮುದ್ರಯಾನದ ಸುರಕ್ಷತೆಗೆ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಟೈಟಾನಿಕ್ ಮುಳುಗಿ ಸುಮಾರು ನೂರು ವರ್ಷಕ್ಕೆ, 2012ರ ಜನವರಿ 13ರ ರಾತ್ರಿ, ಇಟಲಿಯ ಜಿಲಿಯೊ ದ್ವೀಪದ ಬಳಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ತಾಗಿತು. ನಾಲ್ಕು ಸಾವಿರಕ್ಕೂ ಹೆಚ್ಚು ಜನರಿದ್ದ ಹಡಗದು. 32 ಮಂದಿ ಸತ್ತರು. ಆ ಸಂಜೆಯೇ ಹತ್ತಿದ್ದ ಆರುನೂರಕ್ಕೂ ಹೆಚ್ಚು ಪ್ರಯಾಣಿಕರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಹತ್ತಿದ ಇಪ್ಪತ್ನಾಲ್ಕು ತಾಸಿನೊಳಗೆ ಮಾಡಿದರಾಯಿತೆಂಬ ಅಂದಿನ ನಿಯಮದ ಪ್ರಕಾರ ಅದು ಮರುದಿನಕ್ಕಿತ್ತು. ಬರೀ ಕರೆಂಟಿನ ತೊಂದರೆ, ಕ್ಯಾಬಿನ್‌ಗೆ ಹೋಗಿ ಎಂದು ಸಿಬ್ಬಂದಿಯೇ ಹೇಳಿದ್ದೂ ಉಂಟು. ಆಮೇಲೆ ನಿಯಮ ಬದಲಾಯಿತು. 2015ರ ಜನವರಿ 1ರಿಂದ ಹಡಗು ಹೊರಡುವ ಮೊದಲೇ, ಇಲ್ಲವೇ ಹೊರಟ ತಕ್ಷಣವೇ ಡ್ರಿಲ್ ಆಗಬೇಕು. ಏಳು ಗಿಡ್ಡ ಸದ್ದು, ಒಂದು ಉದ್ದ ಸದ್ದು ಕೇಳಿದರೆ ನಿಮಗೆ ಗೊತ್ತುಮಾಡಿದ ಮಸ್ಟರ್ ಸ್ಟೇಷನ್‌ಗೆ ಹೋಗಿ ನಿಲ್ಲಬೇಕು. ಅಲ್ಲಿ ತಲೆ ಎಣಿಸುತ್ತಾರೆ. ಡ್ರಿಲ್ಲಿನ ತಿರುಳು ಇಷ್ಟೇ.

ಕ್ಯಾಬಿನ್ ಮಾತು ಬರುವುದು ಇಲ್ಲಿ. ಯಾರು ಯಾವ ಮಸ್ಟರ್ ಸ್ಟೇಷನ್‌ಗೆ ಸೇರಿದವರೆಂಬುದು ಸಾಮಾನ್ಯವಾಗಿ ಅವರ ಕ್ಯಾಬಿನ್ನಿನ ಮೇಲೆ ನಿಂತಿರುತ್ತದೆ. ಅದರ ಗುರುತು ಕ್ಯಾಬಿನ್ ಕಾರ್ಡಿನಲ್ಲೋ ಬಾಗಿಲ ಹಿಂದಿನ ನಕಾಶೆಯಲ್ಲೋ ಇರುತ್ತದೆ. ನಮ್ಮ ಗುಂಪುಗಳು ಕೋಣೆ ಹಂಚಿಕೊಳ್ಳುವ ರೀತಿಯೋ ಬೇರೆ. ಮೊದಲು ಹಿರಿತನ, ಆಮೇಲೆ ಬೀಗತನ, ಆಮೇಲೆ ಯಾರು ಕಿಟಕಿ ಕೇಳಿದರು, ಯಾರು ಗೊರಕೆ ಹೊಡೆಯುತ್ತಾರೆ ಎಂಬ ಲೆಕ್ಕ. ಅಷ್ಟಾದ ಮೇಲೂ ಹಂಚಿಕೆ ನಿಲ್ಲುವುದಿಲ್ಲ. ಗದಗಿನಲ್ಲಿ ರೈಲು ಹತ್ತಿದ ಗುಂಪು ಹುಬ್ಬಳ್ಳಿ ಬರುವಷ್ಟರಲ್ಲಿ ಬರ್ತುಗಳನ್ನೆಲ್ಲ ಅದಲುಬದಲು ಮಾಡಿಕೊಂಡಿರುತ್ತದೆ. ರೈಲಿನಲ್ಲಿ ಟಿಸಿ ಗೊಣಗಿ ಸುಮ್ಮನಾಗಬಹುದು. ಹಡಗಿನಲ್ಲಿ ಅತ್ತೆಯ ಕೋಣೆಗೆ ಸೊಸೆಯನ್ನು ಹಾಕಿ, ಅತ್ತೆಯನ್ನು ಗೆಳತಿಯ ಕೋಣೆಗೆ ಕಳಿಸಿದರೆ, ಕರೆ ಬಂದಾಗ ಕಾರ್ಡು ಒಂದು ಕಡೆ ಕರೆಯುತ್ತದೆ, ಮಲಗಿದವರು ಇನ್ನೊಂದು ಡೆಕ್ಕಿನಲ್ಲಿರುತ್ತಾರೆ. ಎಣಿಸುವವನ ಪಟ್ಟಿಯಲ್ಲಿ ಒಬ್ಬರು ಕಡಿಮೆ. ಅವರನ್ನು ಹುಡುಕಿಕೊಂಡು ಒಬ್ಬ ಸಿಬ್ಬಂದಿ ಖಾಲಿ ಕೋಣೆಗೆ ಓಡಬೇಕು. ಬದಲಾವಣೆ ಬೇಕಿದ್ದರೆ ಹಡಗಿನ ಕೌಂಟರಿನಲ್ಲಿ ಹೇಳಿ ಮಾಡಿಸಿಕೊಳ್ಳಲು ಅಡ್ಡಿಯಿಲ್ಲ. ಹೇಳದೆ ಮಾಡಿದ್ದೇ ಅಪಾಯ.

ಈ ಕಣ್ಣಿನಿಂದ ನೋಡಿದರೆ ಹಂಚಿಕೆಯ ಸೂತ್ರವೇ ಬದಲಾಗುತ್ತದೆ. ಗೌರವ ಕೊಡಬೇಕೆಂದು ಹಿರಿಯರಿಗೆ ಎತ್ತರದ ಡೆಕ್ಕಿನ ಬಾಲ್ಕನಿ ಕೋಣೆ ಹಿಡಿಯುತ್ತೇವೆ. ತುರ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲ, ಮೊಣಕಾಲು ನೋವಿನವರಿಗೆ ಮೆಟ್ಟಿಲೇ ಗತಿ. ಅವರಿಗೆ ಕೊಡಬೇಕಾದ್ದು ಮಸ್ಟರ್ ಸ್ಟೇಷನ್‌ಗೆ ಹತ್ತಿರದ ಕೋಣೆ. ಹೊಯ್ದಾಟ ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕುಗಳಲ್ಲಿ ಕಡಿಮೆ. ಬಸ್ಸಿನಲ್ಲೇ ವಾಂತಿ ಮಾಡುವವರಿಗೆ ಅದೇ ಒಳ್ಳೆಯದು. ಗೆಳತಿಯರೆಂದು ಕಿವಿ ಮಂದವಾದ ಇಬ್ಬರು ಹಿರಿಯ ಹೆಣ್ಣುಮಕ್ಕಳನ್ನು ಒಂದೇ ಕೋಣೆಗೆ ಹಾಕಿದರೆ ಕರೆಗಂಟೆ ಕೇಳುವವರೇ ಅಲ್ಲಿಲ್ಲ. ಪ್ರತಿ ಕೋಣೆಯಲ್ಲೂ ಚೆನ್ನಾಗಿ ಕೇಳುವ, ಬೇಗ ಏಳುವ ಒಬ್ಬರಿರಬೇಕು. ಕಿಟಕಿಯಿಲ್ಲದ ಒಳಕೋಣೆಯಲ್ಲಿ ಕರೆಂಟು ಹೋದರೆ ಹಗಲೂ ಕಗ್ಗತ್ತಲು, ಹಾಗಾಗಿ ತಲೆದೆಸೆಯಲ್ಲಿ ಬ್ಯಾಟರಿ ಇರಬೇಕು. ಇಷ್ಟಲಿಂಗ ಪೂಜೆಯವರು, ನಸುಕಿನ ನಮಾಜಿನವರು ಯಾರ ಜತೆಗಿದ್ದರೆ ಯಾರ ನಿದ್ದೆಯೂ ಕೆಡದು ಎಂಬುದನ್ನು ಮಾತಾಡಿ ತೀರ್ಮಾನಿಸಬಹುದು. ಎರಡೂ ಧರ್ಮದವರು ನಡೆದುಕೊಳ್ಳುವ ಫಕೀರೇಶ್ವರ ಮಠದ ಊರಾದ ಶಿರಹಟ್ಟಿಯವರಿಗೆ ಇದನ್ನು ಕಲಿಸಬೇಕಿಲ್ಲ. ಆದರೆ ದೀಪ, ಕರ್ಪೂರ, ಊದಿನಕಡ್ಡಿ ಹಡಗಿನಲ್ಲಿ ಯಾರಿಗೂ ಇಲ್ಲ. ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆಯೂ ಮನೆಯಲ್ಲೇ ಇರಲಿ. ನಡುಸಮುದ್ರದಲ್ಲಿ ನೀರಿಗಿಂತ ಬೆಂಕಿಗೇ ಹೆಚ್ಚು ಹೆದರಬೇಕು.

ಆಸನವೇ ಸುರಕ್ಷತೆ ಎಂಬುದು ನಮ್ಮ ಭಾಗಕ್ಕೆ ಹೊಸ ಜ್ಞಾನವೂ ಅಲ್ಲ. ಮುಂಡರಗಿ ತಾಲ್ಲೂಕಿನ ತುಂಗಭದ್ರೆಯ ದಂಡೆಯಲ್ಲಿ ಹರಗೋಲು ಹತ್ತಿ ಹೊಳೆ ದಾಟಿದವರನ್ನು ಕೇಳಿ. ಯಾರು ಎಲ್ಲಿ ಕೂಡಬೇಕೆಂದು ಹೇಳುವವನು ಅಂಬಿಗ. ಗೌಡರೂ ಆತ ತೋರಿಸಿದ ಕಡೆಯೇ ಕುಕ್ಕರಗಾಲಿನಲ್ಲಿ ಕೂಡಬೇಕು, ನಡುವೆ ಏಳಬಾರದು. ಅಂಬಿಗನ ಮಾತಿಗೆ ಕೊಟ್ಟ ಬೆಲೆಯನ್ನು ನಾವು ಹಡಗಿನ ಸಿಬ್ಬಂದಿಯ ಮಾತಿಗೆ ಕೊಡುತ್ತಿಲ್ಲ. ಹೊಳೆ ಕಣ್ಣೆದುರೇ ಹರಿಯುತ್ತಿತ್ತು. ಹಡಗಿನಲ್ಲಿ ನೀರು ಗಾಜಿನಾಚೆ ಹೋಗಿದೆ, ಕಾಲಡಿ ಜಮಖಾನೆ ಹಾಸಿದೆ. ಅಪಾಯ ಕಾಣದಷ್ಟು ಸುಖವಾಗಿದ್ದಾಗ ಆಜ್ಞೆ ಅವಮಾನದಂತೆ ಕೇಳಿಸುತ್ತದೆ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಹೊರಡುವ ಹೊತ್ತಿನಲ್ಲಿ ಮುಳುಗುವ ಮಾತೇಕೆ, ಅಪಶಕುನ ಎನ್ನುವವರಿದ್ದಾರೆ. ಯಾತ್ರೆಗೆ ಹೋಗುವವರು ಮಗನಿಗೆ ಹೊಲದ ಕಾಗದ, ಕಪಾಟಿನ ಕೀಲಿ ಒಪ್ಪಿಸಿ ಹೋಗುತ್ತಿದ್ದ ಸೀಮೆ ಇದು. ಮರಳದಿರಬಹುದೆಂಬ ಎಣಿಕೆ ಅವರಿಗೆ ಅಪಶಕುನವಾಗಿರಲಿಲ್ಲ, ವ್ಯವಹಾರವಾಗಿತ್ತು. ದುಡ್ಡು ತೆಗೆದುಕೊಂಡವರೇ ನೋಡಿಕೊಳ್ಳಲಿ ಎಂಬುದು ಇನ್ನೊಂದು ಮಾತು. ನೋಡಿಕೊಳ್ಳಲೇಬೇಕು. ಆದರೆ ಹೊಗೆ ತುಂಬಿದ ಓಣಿಯಲ್ಲಿ ಎಡಕ್ಕೋ ಬಲಕ್ಕೋ ಎಂಬ ತೀರ್ಮಾನವನ್ನು ಟೂರ್ ಮ್ಯಾನೇಜರ್ ಮೂವತ್ತು ಜನರ ಪರವಾಗಿ ಮಾಡಲಾರ.

ಮೂರನೆಯದು ನಿಜಕ್ಕೂ ಕಷ್ಟದ್ದು: ನನ್ನವರನ್ನು ಬಿಟ್ಟು ನಾನೊಬ್ಬನೇ ಹೋಗಿ ನಿಲ್ಲುವುದೆಂದರೆ ಅದು ಮನುಷ್ಯತನವೇ? ಇದಕ್ಕೆ ಜಪಾನಿನ ಸನ್ರಿಕು ಕರಾವಳಿಯ ಜನ ತಮ್ಮದೇ ಉತ್ತರ ಕಂಡುಕೊಂಡಿದ್ದಾರೆ. ಸುನಾಮಿ ಬಂದರೆ ತಂದೆ ತಾಯಿಗಾಗಿ ಕಾಯದೆ ಪ್ರತಿಯೊಬ್ಬರೂ ತಾವಿದ್ದಲ್ಲಿಂದಲೇ ಎತ್ತರಕ್ಕೆ ಓಡಬೇಕೆಂಬ ಹಳೆಯ ಪಾಠವನ್ನು ಕಮೈಶಿ ಊರಿನ ಶಾಲೆಗಳಲ್ಲಿ ಮಕ್ಕಳಿಗೆ ಕಲಿಸಿದ್ದರು. 2011ರ ಮಾರ್ಚ್ 11ರಂದು ಅಲ್ಲಿನ ಸುಮಾರು ಮೂರು ಸಾವಿರ ಶಾಲಾಮಕ್ಕಳಲ್ಲಿ ಬಹುತೇಕ ಎಲ್ಲರೂ ಬದುಕಿದರು. ಆ ಪಾಠವನ್ನು ಸ್ವಾರ್ಥವೆಂದು ತಿಳಿಯಬಾರದು. ಮಗು ತಾನೇ ಓಡಿ ಪಾರಾಗುತ್ತದೆ ಎಂಬ ಭರವಸೆ ಇದ್ದರೆ ಮಾತ್ರ ತಾಯಿ ಅದನ್ನು ಹುಡುಕಿಕೊಂಡು ನೀರಿನತ್ತ ಬರುವುದಿಲ್ಲ. ಒಬ್ಬೊಬ್ಬರೂ ತಮ್ಮ ಜಾಗಕ್ಕೆ ಹೋಗುತ್ತಾರೆಂಬ ನಂಬಿಕೆಯೇ ಅಲ್ಲಿ ಪ್ರೀತಿಯ ರೂಪ. ನಡೆಯಲಾಗದವರ ಮಾತು ಬೇರೆ: ಅವರಿಗೆ ಯಾರು ಹೆಗಲು ಕೊಡುತ್ತಾರೆಂದು ಮೊದಲೇ ಗೊತ್ತುಮಾಡಿ, ಹಡಗಿನವರಿಗೂ ತಿಳಿಸಿರಬೇಕು.

ಕೊನೆಯದು: ಹಡಗು ಮುಳುಗುವುದು ಎಷ್ಟು ಅಪರೂಪ! ನಿಜ. ನಮ್ಮ ಗುಂಪುಗಳಿಗೆ ಹೆಚ್ಚಿನ ಅಪಾಯ ಬಂದರಿಗೆ ಮುಟ್ಟಿಸುವ ರಾತ್ರಿ ಬಸ್ಸಿನದು. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಪಾಲೆಂ ಬಳಿ ಉರಿದು 45 ಮಂದಿ ಸತ್ತರು. ಎರಡು ವಾರದಲ್ಲೇ, ನವೆಂಬರ್ 14ರಂದು, ಪಕ್ಕದ ಹಾವೇರಿಯ ಕುಣಿಮೆಳ್ಳಿಹಳ್ಳಿ ಬಳಿ ಮುಂಬೈ ಬಸ್ಸು ಉರಿದು 7 ಮಂದಿ ಹೋದರು. ತುರ್ತು ಬಾಗಿಲು ಯಾವುದು, ಗಾಜು ಒಡೆಯುವ ಸುತ್ತಿಗೆ ಎಲ್ಲಿದೆ ಎಂದು ನೋಡಿ ಮಲಗುವವರು ನಮ್ಮಲ್ಲಿ ಎಷ್ಟು ಮಂದಿ? ಹಡಗಿನ ಡ್ರಿಲ್ಲನ್ನು ಮನಸ್ಸಿಟ್ಟು ಮಾಡಿದವರು ಮುಂದೆ ಹತ್ತುವ ಪ್ರತಿ ಬಸ್ಸಿನಲ್ಲೂ ಇದನ್ನು ನೋಡುತ್ತಾರೆ. ಅಪರೂಪದ ಅಪಾಯಕ್ಕೆ ಮಾಡಿದ ರೂಢಿ ದಿನನಿತ್ಯದ್ದಕ್ಕೂ ಒದಗುತ್ತದೆ.

ಕೂಡುವುದೆಂದರೆ ಏನೆಂದು ಈ ಜಿಲ್ಲೆಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. 1904ರ ಕಾಯಿದೆಯ ಅಡಿಯಲ್ಲಿ ಹಳ್ಳಿಯ ಇಂಥ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬ ಸಾಲ ತೀರಿಸದಿದ್ದರೆ ಉಳಿದವರು ಉತ್ತರ ಹೇಳಬೇಕಿತ್ತು. ಜನ ನೆರೆದದ್ದರಿಂದ ಸಂಘವಾಗಲಿಲ್ಲ. ಪ್ರತಿಯೊಬ್ಬನ ಹೆಸರು ಪುಸ್ತಕದಲ್ಲಿ ಬಂದು, ಪ್ರತಿಯೊಬ್ಬನೂ ಹೊಣೆಗೆ ಸಹಿ ಹಾಕಿದ್ದರಿಂದ ಆಯಿತು. ಪ್ರವಾಸದ ಗುಂಪಿಗೂ ಇದೇ ನ್ಯಾಯ.

ಹಾಗಾಗಿ ಹೊರಡುವ ವಾರ ಮೊದಲು ಊರಲ್ಲೇ ಒಂದು ಸಂಜೆ ಕೂಡಬೇಕು. ಊಟದ ಮೆನು, ಸೀರೆಯ ಬಣ್ಣಕ್ಕಿಂತ ಮೊದಲು ಕ್ಯಾಬಿನ್ ಪಟ್ಟಿಯನ್ನು ಓದಬೇಕು. ಹಡಗಿನ ಘೋಷಣೆಗಳು ಕನ್ನಡದಲ್ಲಿ ಬರುತ್ತವೆಂದು ನೆಚ್ಚುವಂತಿಲ್ಲ. ಏಳು ಗಿಡ್ಡ, ಒಂದು ಉದ್ದ ಸದ್ದಿನ ಅರ್ಥವನ್ನು ನಮ್ಮ ಮಾತಿನಲ್ಲೇ ಹೇಳಿ, ಲೈಫ್ ಜಾಕೆಟ್ ಕಟ್ಟುವುದನ್ನು ತೋರಿಸಬೇಕು. ಕೋವಿಡ್ ನಂತರ ಹಲವು ಹಡಗುಗಳಲ್ಲಿ ಡ್ರಿಲ್ಲಿನ ವಿವರವನ್ನು ಮೊಬೈಲಿನಲ್ಲೋ ಟಿವಿಯಲ್ಲೋ ನೋಡಿ, ಮಸ್ಟರ್ ಸ್ಟೇಷನ್‌ಗೆ ಹೋಗಿ ಹಾಜರಿ ಹಾಕಿಸಿ ಬಂದರೆ ಸಾಕೆಂಬ ಪದ್ಧತಿ ಬಂದಿದೆ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರ ಪಾಲಿಗೆ ಅದು ಮೊಮ್ಮಗ ಒತ್ತಿದ ಗುಂಡಿಯಾಗಿ ಮುಗಿಯಬಾರದು. ಅವರನ್ನು ಕೋಣೆಯಿಂದ ಸ್ಟೇಷನ್‌ವರೆಗೆ ಒಮ್ಮೆ ಮೆಟ್ಟಿಲಲ್ಲೇ ನಡೆಸಬೇಕು. ಮರಳುವಾಗ ಮುಂದೆ ನಡೆಯುವವರು ಅವರೇ ಆಗಿರಬೇಕು, ಜತೆಗಿದ್ದವರು ಹಿಂದೆ. ಗುಂಪಿನ ಕೊನೆಯ ಸದಸ್ಯೆ ಯಾರನ್ನೂ ಕೇಳದೆ ತನ್ನ ಬಾಗಿಲು ಮುಟ್ಟಿದರೆ, “ಎಲ್ಲಾರೂ ಕೂಡೇ ಅದೀವಿ” ಎಂದು ಮನೆಯವರಿಗೆ ಧೈರ್ಯವಾಗಿ ಹೇಳಬಹುದು.